ಗಂಟಲಣ್ಣನ ಮಗಳಿಗೆ ಮೂರು ಗಿರಾಕಿ

ಗಂಟಲಣ್ಣ ತೀರಿಕೊಂಡ ಸುದ್ದಿ ಊರಿಗೆ ಮುಟ್ಟಿದ್ದು ಚಪ್ಪಲಿ ಅಂಗಡಿಯ ಜಾಹೀರಾತಿನ ಮೂಲಕ.

ಅದರಲ್ಲಿ ತಪ್ಪು ಯಾರದಾದರೂ ಇದ್ದರೆ ಮೌನಿಯದು. ಮೂವತ್ತೊಂದು ವರ್ಷ ಅವರಿಬ್ಬರೂ ಒಂದೇ ಮೂರು ಗಾಲಿಯ ಗಾಡಿಯಲ್ಲಿ ಊರು ಸುತ್ತಿದವರು. ಮುಂದೆ ಕೂತು ಗಾಡಿ ಓಡಿಸುವವನು ಮೌನಿ. ಹಿಂದೆ ಕೂತು ಮೈಕು ಹಿಡಿದು ಕೂಗುವವನು ಗಂಟಲಣ್ಣ. ಬಟ್ಟೆ ಅಂಗಡಿಯ ರಿಯಾಯಿತಿ, ಬಂದಿಳಿದ ಸರ್ಕಸ್ಸು, ಉಚಿತ ಕಣ್ಣಿನ ತಪಾಸಣೆ, ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲವೆಂಬ ಸೂಚನೆ, ತಪ್ಪಿಸಿಕೊಂಡ ನಾಯಿ, ಹೋದ ಜೀವ, ಎಲ್ಲವೂ ಊರಿಗೆ ಆ ಗಂಟಲಿನಿಂದಲೇ ತಿಳಿಯಬೇಕು. ಒಡಹುಟ್ಟಿದವರಲ್ಲ, ಆದರೂ ಮೌನಿಗೆ ಅವನು ಅಣ್ಣ, ಅವನ ಹೆಂಡತಿ ಅತ್ತಿಗೆ, ಅವನ ಮಗಳಿಗೆ ಇವನು ಚಿಕ್ಕಪ್ಪ. ಹಿಂದಿನವನು ಇಬ್ಬರ ಪಾಲಿನ ಮಾತನ್ನೂ ಆಡಿ ಮುಗಿಸುತ್ತಿದ್ದುದರಿಂದ ಮುಂದಿನವನಿಗೆ ಮಾತೇ ಉಳಿಯುತ್ತಿರಲಿಲ್ಲ. ಊರು ಅವನನ್ನು ಮೌನಿ ಎಂದು ಕರೆಯಿತು. ಅವನು ಅದಕ್ಕೂ ಏನೂ ಹೇಳಲಿಲ್ಲ.

ಆ ದಿನ ಬೆಳಗ್ಗೆ ಗಂಟಲಣ್ಣ ಎಂದಿನಂತೆ ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸಿದ. ಲೋಟವನ್ನು ಕೆಳಗಿಟ್ಟ. ಗೋಡೆಗೆ ಒರಗಿದ. ಹಾಗೆಯೇ ಹೋಗಿಬಿಟ್ಟ. ಲೋಟದ ನೀರು ಕೂಡ ಅಲುಗಲಿಲ್ಲ.

"ಊರಿನೋರ ಸಾವನ್ನೆಲ್ಲ ಅವರೇ ಸಾರಿದ್ರು. ಅವರದ್ದನ್ನ ಈಗ ಯಾರು ಸಾರ್ತಾರೆ?" ಎಂದು ಅತ್ತಿಗೆ ಅಳುತ್ತಾ ಕೇಳಿದಳು.

ಅಲ್ಲಿದ್ದವರೆಲ್ಲ ಮೌನಿಯ ಮುಖ ನೋಡಿದರು. ಅವನು ಎದ್ದು ಹೋಗಿ ಗಾಡಿ ಹೊರಡಿಸಿದ. ಬೀದಿಯ ತುದಿಗೆ ಬಂದು, ಮೈಕಿನದೇ ಇರಬೇಕೆಂದು ಒಂದು ಗುಂಡಿ ಒತ್ತಿದ. ಅದು ಮೈಕಿನದಲ್ಲ. ಹಿಂದಿನ ಸಂಜೆ ಗಂಟಲಣ್ಣ ಸಿಕ್ಕಿಸಿಟ್ಟಿದ್ದ ಪೆನ್‌ಡ್ರೈವ್ ಬಾಯಿ ತೆರೆಯಿತು.

"ಇಂದೇ ಕೊನೆಯ ದಿನ! ಇಂದೇ ಕೊನೆಯ ದಿನ! ತಡಮಾಡಿದವರು ಮರುಗುತ್ತೀರಿ! ಸಂಸಾರ ಸಮೇತ ಬನ್ನಿ!"

ಮೌನಿ ಬೆಚ್ಚಿಬಿದ್ದ. ಅಣ್ಣನ ದೇಹ ಮನೆಯಲ್ಲಿ, ಅಣ್ಣನ ದನಿ ಬೀದಿಯಲ್ಲಿ! ಕಂಡ ಗುಂಡಿಯನ್ನೆಲ್ಲ ಒತ್ತಿದ. ನಿಲ್ಲಿಸುವ ಗುಂಡಿ ಮುರಿದು ಎರಡು ವರ್ಷವಾಗಿತ್ತು. ಅಲ್ಲಿ ಸ್ಕ್ರೂಡ್ರೈವರ್ ತೂರಿಸಿ ತಿರುಗಿಸಬೇಕೆಂಬುದು ಗಂಟಲಣ್ಣನಿಗೆ ಮಾತ್ರ ಗೊತ್ತಿದ್ದ ವಿದ್ಯೆ. ಹೀಗಾಗಿ ಚಪ್ಪಲಿಗಳ ಕೊನೆಯ ದಿನ ಒಂದು ಬೀದಿ ದಾಟಿ ಇನ್ನೊಂದು ಬೀದಿಗೂ ಹೋಯಿತು. ಕೊನೆಗೆ ಕ್ಷೌರದವನು ಕೈಯಲ್ಲಿ ಕತ್ತಿ ಹಿಡಿದೇ ಓಡಿಬಂದು ವೈರನ್ನು ಕಿತ್ತ.

"ಏನಯ್ಯ ಇದು, ಕಿವಿ ಕಿತ್ತುಹೋಗೋ ಹಾಗೆ! ಅಣ್ಣ ಎಲ್ಲಿ? ಒಬ್ನೇ ಬಂದಿದೀಯಲ್ಲ?"

ಮೌನಿ ಬಾಯಿ ತೆರೆದ. ಮಾತು ಬರಲಿಲ್ಲ, ಕಣ್ಣೀರು ಬಂತು. ಕ್ಷೌರದವನು ಒಮ್ಮೆ ಖಾಲಿ ಸೀಟನ್ನೂ ಒಮ್ಮೆ ಇವನನ್ನೂ ನೋಡಿ ಕತ್ತಿಯನ್ನು ಮಡಚಿ ಜೇಬಿಗೆ ಹಾಕಿಕೊಂಡ. ವೈರನ್ನು ಮತ್ತೆ ಸಿಕ್ಕಿಸಿ, ಮೈಕನ್ನು ಸರಿಮಾಡಿ, "ಹೇಳಪ್ಪ" ಎಂದ.

"ನಮ್ಮಣ್ಣ ಇನ್ನಿಲ್ಲ. ಮಧ್ಯಾಹ್ನ ಮೂರಕ್ಕೆ."

ಇಷ್ಟೇ. ಹೆಸರಿಲ್ಲ, ವಿಳಾಸವಿಲ್ಲ. ಆದರೆ ಆ ದನಿ! ಎಣ್ಣೆ ಕಾಣದ ಬಾಗಿಲಿನ ಕೀಲು ಮೆಲ್ಲಗೆ ಕಿರುಗುಟ್ಟಿದ ಹಾಗೆ ಸಣ್ಣಗೆ, ನಡುಗುತ್ತಾ, ಎಳೆದು ಎಳೆದು ಬಂತು. ಕೇಳಿದವರು ಕೇಳಿದಲ್ಲೇ ನಿಂತರು. ಅದು ಮೌನಿಯ ದನಿಯೆಂದು ಊರಿಗೆ ಗೊತ್ತಾದದ್ದು ಅಂದೇ. ಅದು ಊರಿನ ಕಿವಿಯಲ್ಲಿ ಕಚ್ಚಿಕೊಂಡದ್ದೂ ಅಂದೇ. ಮುಂದೆ ಆದದ್ದಕ್ಕೆಲ್ಲ ಮೂಲ ಇದು.

ಗಂಟಲಣ್ಣನ ಮಗಳು ಮೂರು ತಿಂಗಳ ಹಿಂದೆ ಮನೆಯ ಮುಂದಿನ ಕೋಣೆಯಲ್ಲಿ ವೆಬ್‌ಸೈಟ್ ಮಾಡಿಕೊಡುವ ಕೆಲಸ ಶುರುಮಾಡಿದ್ದಳು. ಹಳೆಯ ಮೈಕಿನ ಹಾರ್ನುಗಳನ್ನು ಒಂದು ಮೂಲೆಗೆ ಒಟ್ಟಿ, ಅಲ್ಲಿದ್ದ ಮಂಚವನ್ನು ಗೋಡೆಗೆ ಒರಗಿಸಿ, ಒಂದು ಮೇಜು, ಒಂದು ಕಂಪ್ಯೂಟರ್, ಗಿರಾಕಿಗೆಂದು ಎರಡು ಕುರ್ಚಿ ಹಾಕಿದ್ದಳು. ಕುರ್ಚಿಗಳ ಮೇಲೆ ಹಾಕಿದ್ದ ಪ್ಲಾಸ್ಟಿಕ್ ಇನ್ನೂ ಹರಿದಿರಲಿಲ್ಲ. "ಊರಿನೋರ ಸರಕನ್ನೆಲ್ಲ ಕೂಗಿ ಮಾರಿದೀನಿ, ಮಗಳದ್ದನ್ನ ಕೂಗದೆ ಬಿಡ್ತೀನಾ? ಈ ಚಪ್ಪಲಿಯೋರದ್ದೊಂದು ಮುಗಿದುಬಿಡಲಿ ಕಣಮ್ಮ" ಎಂದು ಗಂಟಲಣ್ಣ ಮಾತು ಕೊಟ್ಟಿದ್ದ. ಚಪ್ಪಲಿಯವರ ಕೊನೆಯ ದಿನ ಇಪ್ಪತ್ಮೂರು ದಿನ ನಡೆಯಿತು. ಅದು ಮುಗಿಯುವ ಮೊದಲೇ ಗಂಟಲಣ್ಣನದು ಮುಗಿಯಿತು.

ವಾರ ಕಳೆದ ಮೇಲೆ ಮಗಳ ಸೋದರಮಾವ ಬಂದ. ಅವನದು ಔಷಧಿ ಅಂಗಡಿ. ಎರಡು ಕುರ್ಚಿಗಳಲ್ಲಿ ಒಂದರ ಮೇಲೆ ತಾನು ಕೂತು ಇನ್ನೊಂದರ ಮೇಲೆ ಕಾಲಿಟ್ಟುಕೊಂಡ.

"ನೋಡಮ್ಮ, ಅಪ್ಪ ಇದ್ದಾಗ ಆಟ ಆಡಿದೆ, ಸರಿ. ಇನ್ನು ಬಂದು ನಮ್ಮ ಕೌಂಟರ್‌ನಲ್ಲಿ ಕೂತ್ಕೋ. ಈ ಕಂಪ್ಯೂಟರ್ ಗಾಜಿನ ಮೇಲೆ ಬಣ್ಣ ಹಚ್ತಾ ಕೂತ್ರೆ ಹೊಟ್ಟೆ ತುಂಬತ್ತಾ?"

"ಇದು ಆಟ ಅಲ್ಲ ಮಾವ."

"ಗಿರಾಕಿ ಎಷ್ಟು ಜನ ಬಂದಿದಾರೆ?"

ಮಗಳು ಮೂಲೆಯ ಕಡೆ ನೋಡಿದಳು. ಅಲ್ಲಿ ಹಾರ್ನುಗಳು ಬಾಯಿ ತೆರೆದುಕೊಂಡು ಸುಮ್ಮನಿದ್ದವು.

"ಒಂದು ತಿಂಗಳು ಕೊಡಿ" ಎಂದಳು ಕೊನೆಗೆ. "ಮೂರು ಗಿರಾಕಿ ತರ್ತೀನಿ. ಬರದೇ ಇದ್ರೆ ನಾನೇ ಬೀಗ ಹಾಕಿ ನಿಮ್ಮ ಕೌಂಟರ್‌ಗೆ ಬರ್ತೀನಿ."

"ಮೂರು ಬಂದ್ರೆ ನಾನು ಈ ವಿಷಯಕ್ಕೆ ಮತ್ತೆ ಬಾಯಿ ತೆಗೆಯಲ್ಲ."

"ಅದೊಂದಕ್ಕಾದ್ರೂ ನಾನು ದುಡಿದೇ ದುಡೀತೀನಿ ಮಾವ" ಎಂದಳು ಸೊಸೆ.

ಬಾಗಿಲ ಬಳಿ ಕೂತಿದ್ದ ಮೌನಿ ಇದನ್ನೆಲ್ಲ ಕೇಳಿದ. ಸತ್ತವನ ಮಾತು ಬದುಕಿರುವವನ ಹೆಗಲಿಗೆ ಬರುತ್ತದೆ ಎಂದು ನಂಬಿದ ಜೀವ ಅದು. ಅಂದು ಮಲಗುವ ಮುನ್ನ ಕಣ್ಣು ಮುಚ್ಚಿ, "ದೇವರೇ, ಅಣ್ಣ ಕೊಟ್ಟ ಮಾತು ನನ್ನ ತಲೆ ಮೇಲೆ ಬಂತು. ನನಗೆ ಬುದ್ಧಿ ಇಲ್ಲ, ನಿನಗೆ ಬಿಡುವಿಲ್ಲ. ಹೇಗೋ ನಡೆಸಿಕೊಡು" ಎಂದು ಬೇಡಿಕೊಂಡ.

ಮರುದಿನ ಹೋಗಿ ನೋಡಿದರೆ ಮಗಳು ಗೋಡೆಗೆ ಒಂದು ಹಾಳೆ ಅಂಟಿಸಿದ್ದಳು. ತಲೆಬರಹ: ಕಾಸು ಬಿಚ್ಚದೆ ಹೆಸರು ಮಾಡುವ ದಾರಿಗಳು. ಇಂಟರ್‌ನೆಟ್ಟಿನಲ್ಲಿ ಯಾರೋ ಬಲ್ಲವರು ಬರೆದದ್ದಂತೆ. ಚೀಟಿ ಹಂಚು ಎಂದಿತ್ತು. ಒಂದು ಕೆಲಸವನ್ನು ಬಿಟ್ಟಿ ಮಾಡಿ ತೋರಿಸು ಎಂದಿತ್ತು. ನಿನಗೆ ಗೊತ್ತಿರುವುದನ್ನು ನಾಲ್ಕು ಜನರಿಗೆ ಹೇಳಿಕೊಡು, ಅವರು ನಲವತ್ತು ಜನಕ್ಕೆ ಹೇಳುತ್ತಾರೆ ಎಂದೂ ಇತ್ತು. ಕಟ್ಟಕಡೆಗೆ, ಎಲ್ಲರ ಹಿಂದೆಯೂ ಓಡಬೇಡ, ಒಂದು ಬಗೆಯ ಗಿರಾಕಿಯನ್ನು ಹಿಡಿ ಎಂದು ಸಣ್ಣಕ್ಷರದಲ್ಲಿತ್ತು. ಅದು ಮಂಚದ ಕಾಲಿನ ಮರೆಯಲ್ಲಿದ್ದುದರಿಂದ ಮೌನಿಗೆ ಕಾಣಲಿಲ್ಲ.

"ಚೀಟಿ ನಾನು ನೋಡ್ಕೋತೀನಿ" ಎಂದ ಮೌನಿ. ಅವನು ಒಂದೇ ಉಸಿರಿನಲ್ಲಿ ಮೂರು ಪದ ಆಡಿದ್ದನ್ನು ಕೇಳಿ ಅತ್ತಿಗೆ ಅಡುಗೆಮನೆಯಿಂದ ಹೊರಗೆ ಬಂದು ನೋಡಿದಳು.

ಚೀಟಿಗಳಲ್ಲಿ ಒಂದು ಕಟ್ಟು ಕ್ಷೌರದವನಿಗೆ, ಒಂದು ಕಟ್ಟು ದರ್ಜಿಗೆ ಹೋಯಿತು. ಕ್ಷೌರದವನು ಗಂಟಲಣ್ಣನ ಮೇಲಿನ ಅಭಿಮಾನದಿಂದ ಚೀಟಿಯನ್ನು ಕನ್ನಡಿಯ ನಟ್ಟನಡುವೆ, ಗಿರಾಕಿಯ ಮುಖ ಕಾಣುವಲ್ಲೇ ಅಂಟಿಸಿದ. ವಾರ ಕಳೆಯುವುದರೊಳಗೆ ಬೀದಿಯಲ್ಲಿ ಅವನೇ ಮೌನಿಯನ್ನು ಅಡ್ಡಗಟ್ಟಿದ. "ನಿಮ್ಮ ಹುಡುಗಿ ಚೀಟಿ ಓದ್ತಾ ಓದ್ತಾ ಜನ ತಲೆ ವಾಲಿಸ್ತಾರೆ ಕಣಯ್ಯ. ಊರಿನ ಅರ್ಧ ಮೀಸೆ ಓರೆಯಾಗಿದೆ. ಕೋರ್ಟಿನ ಗುಮಾಸ್ತರ ಎಡಗಡೆ ಮೀಸೆ ಇಲ್ವೇ ಇಲ್ಲ!"

ದರ್ಜಿಯ ಅಭಿಮಾನ ಇನ್ನೊಂದು ಬಗೆಯದು. ಹೊಲಿದ ಪ್ಯಾಂಟಿನ ಜೇಬಿಗೆಲ್ಲ ಒಂದೊಂದು ಚೀಟಿ ತುರುಕಿದ. ಜನ ಜೇಬು ನೋಡದೆ ಪ್ಯಾಂಟು ಒಗೆದರು. ಒಂದು ಬೆಳಗ್ಗೆ ಬ್ಯಾಂಕಿನ ಕಾವಲುಗಾರ ಕೋಣೆಯೊಳಗೆ ಬಂದ. ಮಗಳು ಎದ್ದು ನಿಂತು, ಕುರ್ಚಿ ತೋರಿಸಿ, "ಬನ್ನಿ ಸರ್, ಎಂಥ ಸೈಟ್ ಬೇಕು?" ಎಂದಳು.

"ಸೈಟ್ ಬೇಡಮ್ಮ" ಎಂದು ಅವನು ಕಪ್ಪು ಪ್ಯಾಂಟೊಂದನ್ನು ಮೇಜಿನ ಮೇಲೆ ಹರವಿದ. ಅದರ ತುಂಬ ಬಿಳಿ ಕಾಗದದ ಹಿಟ್ಟು ಮೆತ್ತಿತ್ತು. "ಇದನ್ನ ಮೊದಲು ತೆಗೆದುಕೊಡು."

ಬಿಟ್ಟಿ ಕೆಲಸಕ್ಕೆ ಚಹಾ ಅಂಗಡಿಯವನನ್ನು ಆರಿಸಿದರು. ಊರಿನವರೆಲ್ಲ ಬರುವ ಜಾಗ ಅದೊಂದೇ. ಮಗಳು ನಾಲ್ಕು ದಿನ ಕೂತು ಅವನ ಅಂಗಡಿಗೆ ಸೈಟ್ ಮಾಡಿದಳು. ಹಬೆಯಾಡುವ ಲೋಟದ ಚಿತ್ರ, ತೆರೆಯುವ ಹೊತ್ತು, ದಾರಿ ತೋರಿಸುವ ನಕ್ಷೆ, ಎಲ್ಲ ಇತ್ತು. ಚಹಾದವನು ಕೈ ಒರೆಸಿಕೊಂಡು ನೋಡಿದ.

"ಭಾಳ ಚೆನ್ನಾಗಿದೆ. ಕುಡಿಯೋದು ಹೇಗೆ?"

"ಕುಡಿಯಕ್ಕಲ್ಲ ಅಣ್ಣ, ನಿಮ್ಮ ಅಂಗಡಿ ಎಲ್ಲಿದೆ ಅಂತ ಜನಕ್ಕೆ ಗೊತ್ತಾಗಕ್ಕೆ."

"ನನ್ನ ಜನ ಇಲ್ಲೇ ಕೂತಿದಾರಲ್ಲಮ್ಮ! ಎದ್ದು ಹೋಗೋ ದಾರಿ ಯಾವುದು ಅಂತ ಏನಾದ್ರೂ ತೋರಿಸೋ ಹಾಗಿದ್ರೆ ಮಾಡಿಕೊಡು. ಬೆಳಗ್ಗೆ ಬಂದೋರು ಮಧ್ಯಾಹ್ನವಾದ್ರೂ ಏಳಲ್ಲ."

ಇನ್ನು ಹೇಳಿಕೊಡುವ ದಾರಿ. ಗ್ರಂಥಾಲಯದಲ್ಲಿ ಸಣ್ಣ ಭಾಷಣ ಇಟ್ಟರು. ಎಂಟು ಜನ ಬಂದರು. ಐವರು ಫ್ಯಾನಿನ ಗಾಳಿಗೆ ಬಂದವರು. ಇಬ್ಬರು ಅಲ್ಲಿ ಮೊದಲೇ ನಿದ್ದೆ ಹೋಗಿದ್ದವರು. ಎಂಟನೆಯವರು ನಿವೃತ್ತ ಮೇಷ್ಟರು, ಕೊನೆಯವರೆಗೂ ತಲೆ ತೂಗಿ ಕೇಳಿ, ತಮ್ಮ ಫೋನಿನಲ್ಲಿ ಕಾಣೆಯಾದ ಮೊಮ್ಮಗಳ ಚಿತ್ರವನ್ನು ಹುಡುಕಿಸಿಕೊಂಡು, ನೂರು ವರ್ಷ ಬಾಳು ಎಂದು ಹರಸಿ ಹೋದರು.

ಹೀಗೆ ಇಪ್ಪತ್ತೆರಡು ದಿನ ಹೋದವು. ಸೋದರಮಾವ ಔಷಧಿ ಅಂಗಡಿಯಲ್ಲಿ ಹೊಸ ಸ್ಟೂಲು ತರಿಸಿಟ್ಟಿದ್ದಾನೆಂದು ಸುದ್ದಿ ಬಂತು. ಮಗಳು ಗಿರಾಕಿಯ ಕುರ್ಚಿಗಳ ಮೇಲಿನ ಪ್ಲಾಸ್ಟಿಕ್ಕನ್ನು ಎಳೆದು ಮತ್ತೆ ಸರಿಯಾಗಿ ಮುಚ್ಚಿದಳು, ವಾಪಸು ಕೊಡುವ ಸಾಮಾನನ್ನು ಮುಚ್ಚುವ ಹಾಗೆ. ಅದು ಮೌನಿಯ ಕಣ್ಣಿಗೆ ಬಿತ್ತು.

"ಮೈಕು ನಾನೇ ಹಿಡೀತೀನಿ" ಎಂದ.

"ನೀವಾ ಚಿಕ್ಕಪ್ಪ?"

"ಗಾಡಿ ಇದೆ. ಹಾರ್ನು ಇದೆ. ಮಾತು ನೀನು ಬರೆದುಕೊಡು. ಮಿಕ್ಕಿದ್ದು ದೇವರು ನೋಡ್ಕೋತಾನೆ."

ಮಗಳು ಬರೆದುಕೊಟ್ಟಳು. ಮೌನಿ ಎರಡು ದಿನ ಬಚ್ಚಲಲ್ಲಿ ಬಕೆಟ್ಟಿನ ಮುಂದೆ ಕೂತು ಅಭ್ಯಾಸ ಮಾಡಿದ. ಮೂರನೆಯ ದಿನ ಬೆಳಗ್ಗೆ ಬಿಸಿನೀರಿಗೆ ಉಪ್ಪು ಹಾಕಿ ಅಣ್ಣನ ಲೋಟದಲ್ಲೇ ಬಾಯಿ ಮುಕ್ಕಳಿಸಿ, ಲೋಟವನ್ನು ಹಣೆಗೆ ಒತ್ತಿಕೊಂಡು, ಗಾಡಿ ಹತ್ತಿದ. ಪೆನ್‌ಡ್ರೈವನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುವುದನ್ನು ಮಾತ್ರ ಮರೆಯಲಿಲ್ಲ.

ಆದರೆ ಅವನು ಮರೆತದ್ದು ಒಂದಿತ್ತು. ಒಂದು ಕೈ ಮೈಕಿನ ಮೇಲಿದ್ದರೆ ಒಂದೇ ಕೈಯಲ್ಲಿ ಗಾಡಿ ಓಡಬೇಕು. ಒಂದೇ ಕೈಯಲ್ಲಿ ಓಡುವ ಗಾಡಿ ಆಮೆಯ ಹಾಗೆ ಹೋಗಬೇಕು. ಗಾಡಿ ತೆವಳಿತು. ಮೇಲಿಂದ ಆ ದನಿ, ಸಣ್ಣಗೆ, ನಡುಗುತ್ತಾ, ಎಳೆದು ಎಳೆದು: "ಆತ್ಮೀಯರೇ... ನಿಮ್ಮಲ್ಲಿ... ವಿನಂತಿ..."

ಮೊದಲ ಬೀದಿಯಲ್ಲೇ ಅಂಗಡಿಗಳ ಬಾಗಿಲು ಅರ್ಧಕ್ಕೆ ಇಳಿದವು. ಗ್ಯಾಸ್ ಸಿಲಿಂಡರ್ ಹೊತ್ತಿದ್ದವನು ಅದನ್ನು ಮೆಲ್ಲಗೆ ಕೆಳಗಿಟ್ಟು ಟೋಪಿ ತೆಗೆದ. ಮುದುಕರು ಎದ್ದು ನಿಂತರು. ಮೌನಿ ಮಾತನ್ನು ಸ್ಪಷ್ಟವಾಗಿಯೇ ಓದುತ್ತಿದ್ದ. ವೆಬ್‌ಸೈಟ್ ಎಂದ, ಅಂದವಾಗಿ ಎಂದ, ಅಗ್ಗದಲ್ಲಿ ಎಂದ. ಆದರೆ ಆ ದನಿ ಕಿವಿಗೆ ಬಿದ್ದ ಮೇಲೆ ಯಾರಿಗೆ ಬೇಕು ಮಾತು? ಜನ ಕಾದದ್ದು ಕೊನೆಗೆ ಬರುವ ವಿಳಾಸಕ್ಕೆ. ಅದು ಬಂತು: "ಗಂಟಲಣ್ಣನ... ಮನೆಯ... ಮುಂದಿನ ಕೋಣೆ."

"ಅಯ್ಯೋ ಪಾಪ! ಗಂಡ ಹೋಗಿ ಎರಡು ತಿಂಗಳಾಗಿಲ್ಲ, ಹಿಂದೇನೇ ಹೋದಳಲ್ಲ!" ಎಂದಿತು ಊರು.

ಜನ ಕೈ ಎತ್ತಿ ಮುಗಿಯುವುದನ್ನು ನೋಡಿ ಮೌನಿಗೆ ಧೈರ್ಯ ಬಂತು. ಅಣ್ಣನಿಗೆ ಕೂಡ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲವಲ್ಲ ಎಂದುಕೊಂಡು ಇನ್ನೂ ಎರಡು ಬೀದಿ ಹೆಚ್ಚಿಗೆ ಸುತ್ತಿದ.

ಇತ್ತ ಮನೆಯಲ್ಲಿ ಬಾಗಿಲು ಬಡಿದ ಸದ್ದಾಯಿತು. ಅತ್ತಿಗೆ ಕೈಯಲ್ಲಿ ಪೊರಕೆ ಹಿಡಿದೇ ಬಂದು ತೆರೆದಳು. ಎದುರುಮನೆಯಾಕೆ ಕಿಟಾರನೆ ಕಿರುಚಿ ಹಿಂದಕ್ಕೆ ಸರಿದಳು. ಅವಳ ಹಿಂದೆ ಕಣ್ಣೊರೆಸಿಕೊಳ್ಳುತ್ತಿದ್ದ ನಲವತ್ತು ಜನ.

"ಅಯ್ಯೋ, ನೀನಿದೀಯಾ!"

"ಇದೀನಿ. ಯಾಕೆ, ಇರಬಾರದಿತ್ತಾ?"

"ಹಾಗಲ್ಲ ಕಣೇ... ಮೌನಿ ಸಾರಿದ್ನಲ್ಲ..."

"ಅವನು ಸಾರಿದ್ದು ನನ್ನ ಮಗಳ ವ್ಯಾಪಾರ!"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಫಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ತಿಂಗಳಿಂದ ನಗದಿದ್ದ ಅತ್ತಿಗೆಯೂ ಪೊರಕೆಯನ್ನು ಎದೆಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಬಂದಿದ್ದೀರಿ, ಬರಿಗೈಲಿ ಕಳಿಸಕ್ಕಾಗತ್ತಾ? ಒಳಗೆ ಬನ್ನಿ" ಎಂದು ಚಹಾಕ್ಕೆ ನೀರಿಟ್ಟಳು.

ಬಂದವರಲ್ಲಿ ಮೂವರು ಮಾತ್ರ ನಗಲಾರದೆ ಹಿಂದೆ ನಿಂತಿದ್ದರು. ಒಬ್ಬ ಶವದ ಗಾಡಿಯವನು. ಕರೆಯುವ ಮೊದಲೇ ಗಾಡಿ ತಂದುಬಿಟ್ಟಿದ್ದ. ಒಬ್ಬಾಕೆ ಹೂವಿನವಳು; ದೊಡ್ಡ ಹಾರ ಕಟ್ಟಿಸಿಕೊಂಡು ಬಂದಿದ್ದಳು. ಇನ್ನೊಬ್ಬ ಸಮಾಧಿಯ ಕಲ್ಲು ಕೆತ್ತುವವನು. ಅಳತೆಪಟ್ಟಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದ.

ಶವದ ಗಾಡಿಯವನು ಚಹಾದ ಲೋಟ ಹಿಡಿದು ಗಿರಾಕಿಯ ಕುರ್ಚಿಯ ತುದಿಯಲ್ಲಿ ಕೂತ. ಕಂಪ್ಯೂಟರನ್ನೇ ನೋಡುತ್ತಾ ಕೇಳಿದ, "ಇದೆಲ್ಲ ಏನಕ್ಕೆ ಬರತ್ತಮ್ಮ?"

"ನಿಮ್ಮ ಕೆಲಸ ಏನು ಅಂತ ಜನಕ್ಕೆ ತಿಳಿಸಕ್ಕೆ."

"ಅಯ್ಯೋ, ನಮ್ಮ ಕಸುಬಲ್ಲಿ ಅದೇ ಕಷ್ಟ. ಒಬ್ಬರ ಮನೆಗೆ ಹೋಗಿ ಚೀಟಿ ಕೊಟ್ರೆ ಹೊಡೆಯಕ್ಕೆ ಬರ್ತಾರೆ. ಬನ್ನಿ ಅನ್ನೋ ಹಾಗಿಲ್ಲ. ಮತ್ತೆ ಬನ್ನಿ ಅನ್ನೋ ಹಾಗಂತೂ ಇಲ್ವೇ ಇಲ್ಲ! ಆದ್ರೆ ಬೇಕಾದಾಗ ಮಾತ್ರ ಜನ ದಿಕ್ಕು ತೋಚದೆ ಅಲೀತಾರೆ, ನಮ್ಮ ನಂಬರ್ ಯಾರ ಹತ್ರಾನೂ ಇರಲ್ಲ."

ಮಗಳು ನೆಟ್ಟಗೆ ಕೂತಳು. "ಹಾಗಾದ್ರೆ ನೀವು ಕೂಗಬಾರದು, ಆದ್ರೆ ಹುಡುಕಿದೋರಿಗೆ ಸಿಗಬೇಕು. ಅಷ್ಟೇ ತಾನೇ?"

"ಅಷ್ಟೇ."

ಮಗಳು ಎದ್ದುಹೋಗಿ ಮಂಚವನ್ನು ಒಂದಿಷ್ಟು ಸರಿಸಿ ಗೋಡೆಯ ಹಾಳೆಯ ಕೊನೆಯ ಸಾಲನ್ನು, ಒಂದು ಬಗೆಯ ಗಿರಾಕಿಯನ್ನು ಹಿಡಿ ಎಂಬುದನ್ನು, ಮತ್ತೆ ಓದಿದಳು. ಆಮೇಲೆ ಬಂದು ಕುರ್ಚಿಯ ಪ್ಲಾಸ್ಟಿಕ್ಕನ್ನು ಅವನನ್ನು ಎಬ್ಬಿಸಿಯೇ ಕಿತ್ತುಹಾಕಿದಳು. ಸಂಜೆಯ ಹೊತ್ತಿಗೆ ಶವದ ಗಾಡಿಯವನು ಒಂದು, ಹೂವಿನವಳು ಎರಡು. ಹೂವಿನವಳು ತಂದ ಹಾರವನ್ನು ವಾಪಸು ಒಯ್ಯಲಾರದೆ ಗಂಟಲಣ್ಣನ ಚಿತ್ರಕ್ಕೆ ಹಾಕಿದಳು. ಚಿತ್ರ ಚಿಕ್ಕದು, ಹಾರ ದೊಡ್ಡದು. ಗಂಟಲಣ್ಣನ ಕಣ್ಣುಗಳಷ್ಟೇ ಕಂಡವು.

ಮೂರನೆಯದು ಸುಲಭಕ್ಕೆ ದಕ್ಕಲಿಲ್ಲ. ಕಲ್ಲಿನವನು ಗಡ್ಡ ಕೆರೆದುಕೊಂಡು, "ಕಲ್ಲಿನ ಕೆಲಸ, ಅವಸರಕ್ಕಾಗಲ್ಲ. ಯೋಚನೆ ಮಾಡ್ತೀನಿ" ಎಂದು ಹೋದವನು ನಾಲ್ಕು ದಿನವಾದರೂ ಬರಲಿಲ್ಲ. ತಿಂಗಳ ಕೊನೆಯ ದಿನ ಬೆಳಗ್ಗೆ ಸೋದರಮಾವ ಬೀಗ ಹಿಡಿದುಕೊಂಡೇ ಬಂದ. ಹೊಸ ಬೀಗ, ಎರಡು ಕೀಲಿಕೈ. ಸುದ್ದಿ ತಿಳಿದು ಕ್ಷೌರದವನೂ ಬಂದ. ಮಧ್ಯಾಹ್ನವಾಯಿತು. ಮೌನಿ ಹೊಸ್ತಿಲ ಮೇಲೆ ಕೂತು ಬೀದಿಯ ಎರಡೂ ತುದಿ ನೋಡುತ್ತಾ ಒಳಗೊಳಗೇ ದೇವರ ಹೆಸರು ಹೇಳುತ್ತಿದ್ದ.

ನಾಲ್ಕು ಗಂಟೆಗೆ ಕಲ್ಲಿನವನು ಮೈಯೆಲ್ಲ ಬಿಳಿ ಧೂಳು ಮಾಡಿಕೊಂಡು ಬಂದ.

"ಸೈಟ್ ಮಾಡಿಸ್ತೀನಮ್ಮ. ನನ್ನ ಅಕ್ಷರ ಚೆನ್ನಾಗಿದೆ ಅಂತ ಮಲಗಿರೋರು ಹೇಳಲ್ಲ, ನಿಂತಿರೋರು ಅಳ್ತಿರ್ತಾರೆ. ಎಲ್ಲಾದ್ರೂ ನಾಲ್ಕು ಜನ ನೋಡಬೇಕು. ಆದ್ರೆ ಮೊದಲ ಚಿತ್ರ ಗಂಟಲಣ್ಣನ ಕಲ್ಲಿಂದೇ ಇರಬೇಕು. ಅದು ಇಲ್ದೆ ನಾನು ಶುರುಮಾಡಲ್ಲ. ಕಲ್ಲು ತಿಕ್ಕಿ ನಯ ಮಾಡಿ ತಿಂಗಳಾಯ್ತು, ಅದರ ಮೇಲೆ ಕೆತ್ತೋ ಮಾತು ನೀವು ಇನ್ನೂ ಕೊಟ್ಟಿಲ್ಲ. ಇವತ್ತು ಕೊಡಿ. ಚಿಕ್ಕದಿರಲಿ, ಕಲ್ಲು ಚಿಕ್ಕದು."

ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಊರಿಗೆಲ್ಲ ಮಾತು ಕೊಟ್ಟೋರು ಅವರು. ಅವರಿಗೆ ಏನಂತ ಕೊಡೋದು? ತಿಂಗಳಿಂದ ಯೋಚಿಸ್ತಿದೀನಿ, ಒಂದೂ ಹೊಳೀತಿಲ್ಲ."

"ಇಂದೇ ಕೊನೆಯ ದಿನ ಅಂತ ಹಾಕಿ" ಎಂದ ಕ್ಷೌರದವನು. ಹೇಳಿದವನೇ ನಾಲಿಗೆ ಕಚ್ಚಿಕೊಂಡ. ಮಗಳು ನಕ್ಕಳು, ನಗುತ್ತಲೇ ಅತ್ತಳು.

ಸೋದರಮಾವ ಏನೋ ಹೇಳಲು ಬಾಯಿ ತೆರೆದ. "ಮೂರಾಯ್ತು ಮಾವ" ಎಂದಳು ಮಗಳು. ಅವನು ಬಾಯಿ ಮುಚ್ಚಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ತನ್ನ ಎದೆ ಮುಟ್ಟಿ, ಕಂಪ್ಯೂಟರ್ ಕಡೆ ಬೆರಳು ತೋರಿಸಿ, ನನಗೂ ಒಂದು ಎನ್ನುವಂತೆ ಹುಬ್ಬು ಹಾರಿಸಿದ.

"ಔಷಧಿ ಅಂಗಡಿಗಾ? ನಮ್ಮ ಉಳಿದ ಗಿರಾಕಿಗಳ ಪಕ್ಕದಲ್ಲಿ ನಿಮ್ಮದಿದ್ರೆ ಜನ ಏನಂತಾರೆ ಮಾವ?"

ಆಗ ಹೊಸ್ತಿಲ ಮೇಲಿದ್ದ ಮೌನಿ ಎದ್ದು ನಿಂತ. ಅಣ್ಣನನ್ನು ಸರಿಯಾಗಿ ಸಾರಲಿಲ್ಲವಲ್ಲ ಎಂಬ ಮುಳ್ಳು ಅವನ ಎದೆಯಲ್ಲಿ ಅಂದಿನಿಂದ ಹಾಗೆಯೇ ಇತ್ತು. ಹೆಸರು ಹೇಳಲಿಲ್ಲ, ಒಂದು ಒಳ್ಳೆಯ ಮಾತು ಆಡಲಿಲ್ಲ, ಚಪ್ಪಲಿ ಮಾರಿದ.

"ನಾನು ಹೇಳ್ತೀನಿ. ಬರ್ಕೋ" ಎಂದ.

ಮಗಳು ಮೈಕಿನ ಕಡೆ ಕೈಚಾಚಿದಳು. ಅವನು ಬೇಡವೆಂದು ತಲೆಯಾಡಿಸಿದ. ಹಾರದ ಸಂದಿಯಿಂದ ನೋಡುತ್ತಿದ್ದ ಅಣ್ಣನ ಕಣ್ಣುಗಳ ಮುಂದೆ ನಿಂತು ಕೈ ಮುಗಿದ. ಅದೇ ಸಣ್ಣ ದನಿ, ನಡುಗಲಿಲ್ಲ. ಕಲ್ಲಿನವನು ಮೊದಲು ಬೆರಳಲ್ಲಿ ಅಕ್ಷರ ಎಣಿಸುತ್ತಿದ್ದವನು ಆಮೇಲೆ ಎಣಿಸುವುದನ್ನು ಬಿಟ್ಟ.

"ದೇವರೇ, ಇವನು ಊರಿನ ಸುಖವನ್ನೂ ದುಃಖವನ್ನೂ ಮನೆಮನೆಗೆ ಮುಟ್ಟಿಸಿದ. ಈಗ ದಣಿದು ನಿನ್ನ ಬಳಿ ಬಂದಿದ್ದಾನೆ. ಆ ಗಂಟಲಿಗೆ ವಿಶ್ರಾಂತಿ ಕೊಡು. ನಿನ್ನ ಬಾಗಿಲಲ್ಲಿ ಇವನು ಕೂಗಿ ಕರೆಯಬೇಕಾಗದಿರಲಿ. ಮೆಲ್ಲಗೆ ಕರೆದರೂ ತೆರೆ. ನಮ್ಮಣ್ಣನ ಆತ್ಮ ನಿನ್ನಲ್ಲಿ ಶಾಂತವಾಗಿರಲಿ."